ಡ್ರಾಯಿಂಗ್ ಮೇಷ್ಟ್ರ ಕಾಲು ಜಾರಿದ್ದು

ಡ್ರಾಯಿಂಗ್ ಮೇಷ್ಟ್ರು ಈ ಲೋಕದಲ್ಲಿ ಕಲಾವಿದರೆಂದು ಒಪ್ಪಿಕೊಂಡಿದ್ದು ಇಬ್ಬರನ್ನು ಮಾತ್ರ. ಒಬ್ಬರು ಅವರ ಗುರುಗಳು. ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಇನ್ನೊಬ್ಬರು ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಸಿಗುತ್ತಿದ್ದರು. ಮಿಕ್ಕವರೆಲ್ಲ ಅವರ ಪ್ರಕಾರ ಗೋಡೆಗೆ ಸುಣ್ಣ ಬಳಿಯುವವರು, ಅದೂ ಮೂಲೆಗಳನ್ನು ಬಿಟ್ಟು.

ಇಂಥ ಮಹಾನುಭಾವರು ಇಪ್ಪತ್ತಮೂರು ವರ್ಷದಿಂದ ಶಾಲೆಯ ಮಹಡಿಯ ಮೂಲೆ ಕೋಣೆಯಲ್ಲಿ ಮಕ್ಕಳ ಕೈಲಿ ಬರೆಸುತ್ತಿದ್ದುದು ಮೂರೇ ಚಿತ್ರ. ಒಂದು ಹೂಜಿ, ಒಂದು ಸೇಬು, ಎರಡು ಗುಡ್ಡಗಳ ನಡುವೆ ಹುಟ್ಟುತ್ತಿರುವ ಸೂರ್ಯ. ಇಪ್ಪತ್ತಮೂರು ವರ್ಷ ಹುಟ್ಟುತ್ತಲೇ ಇದ್ದರೂ ಆ ಸೂರ್ಯ ಗುಡ್ಡ ಬಿಟ್ಟು ಒಂದು ಬೆರಳು ಮೇಲೆ ಬಂದಿರಲಿಲ್ಲ. ಹೂಜಿ ಯಾವಾಗಲೋ ಒಡೆದುಹೋಗಿ ಅದರ ಜಾಗಕ್ಕೆ ಕ್ಲರ್ಕು ಪ್ಲಾಸ್ಟಿಕ್ಕಿನ ಜಗ್ ಒಂದನ್ನು ತಂದಿಟ್ಟಿದ್ದ. ಮಕ್ಕಳು ಜಗ್ಗನ್ನು ನೋಡಿ ಹೂಜಿ ಬರೆಯುತ್ತಿದ್ದರು. ಯಾವನಾದರೂ ಜಗ್ಗನ್ನೇ ಬರೆದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, "ಕಣ್ಣಿಗೆ ಕಂಡದ್ದನ್ನ ಬರೆಯೋಕೆ ಕಲಾವಿದ ಯಾಕಯ್ಯ ಬೇಕು?" ಎನ್ನುತ್ತಿದ್ದರು.

ಮನೆಯ ಹಾಲಿನಲ್ಲಿ ಟೀವಿಯ ನೆತ್ತಿಯ ಮೇಲೆ ಒಂದು ಪ್ರಶಸ್ತಿಪತ್ರ ತೂಗುತ್ತಿತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಸಿಕ್ಕಿದ ಎರಡನೇ ಬಹುಮಾನ. ಮೊದಲ ಬಹುಮಾನ ಹೊಡೆದವನು ತೀರ್ಪುಗಾರರ ಅಕ್ಕನ ಮಗ ಎಂಬುದನ್ನು ಅವರು ಮನೆಗೆ ಬಂದ ನೆಂಟರಿಗೆ, ನಲ್ಲಿ ರಿಪೇರಿಯವನಿಗೆ, ಕೊನೆಗೆ ವಿಳಾಸ ತಪ್ಪಿ ಬಂದ ಕೊರಿಯರಿನವನಿಗೂ ತಿಳಿಸಿದ್ದರು.

ಹೆಂಡತಿ ಶಾಲೆಯ ರಸ್ತೆಯಲ್ಲೇ ಇದ್ದ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿಡ್ಡ ಸ್ಟೂಲಿನ ಮೇಲೆ ಕೂತು, ಬಂದವರ ಕಾಲಿಗೆ ಅಳತೆ ನೋಡಿ ತೊಡಿಸುವ ಕೆಲಸ. ಹದಿನೈದು ವರ್ಷ ಜನರನ್ನು ಮೊಣಕಾಲಿನಿಂದ ಕೆಳಗೇ ನೋಡಿ ನೋಡಿ ಆಕೆಗೆ ಒಂದು ವಿದ್ಯೆ ಸಿದ್ಧಿಸಿತ್ತು. ಬಿಚ್ಚಿಟ್ಟ ಹಳೇ ಜೋಡನ್ನು ಮಗುಚಿ ಅಟ್ಟೆ ಎಲ್ಲಿ ಸವೆದಿದೆ ನೋಡಿದಳೆಂದರೆ, ಇವನು ಸಾಲಕ್ಕೆ ಹೆದರಿ ತಲೆ ತಗ್ಗಿಸಿ ನಡೆಯುವವನು, ಇವಳು ಸದಾ ಬಸ್ಸು ಹಿಡಿಯುವ ಅವಸರದವಳು ಎಂದು ಜಾತಕ ಹೇಳುತ್ತಿದ್ದಳು. ಒಂದು ಸಲ ಗಂಡನ ಶೂ ಕೈಯಲ್ಲಿ ಹಿಡಿದುಕೊಂಡು, "ರೀ, ನಿಮ್ಮದು ಒಂದು ಹೇಳ್ಲಾ?" ಎಂದು ಬಾಯಿ ತೆರೆದಿದ್ದಳು.

"ಲೇ, ಚಪ್ಪಲಿ ಪುರಾಣ ನನ್ನ ಹತ್ರ ಬೇಡ" ಎಂದಿದ್ದರು ಮೇಷ್ಟ್ರು. ಹಿತ್ತಲ ಗಿಡ ಮದ್ದಲ್ಲ. ಅದರಲ್ಲೂ ಗಿಡ ಚಪ್ಪಲಿ ಅಂಗಡಿಯಲ್ಲಿ ಬೆಳೆದಿದ್ದರೆ ಮುಗಿದೇಹೋಯಿತು. ಹೆಂಡತಿ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಅವರು "ಪಾದಗಳಿಗೆ ಸಂಬಂಧಪಟ್ಟ ಕ್ಷೇತ್ರ" ಎನ್ನುತ್ತಿದ್ದರು. ಕೇಳಿದವರು ಡಾಕ್ಟರಿರಬೇಕು ಎಂದುಕೊಂಡರೆ ತಿದ್ದುತ್ತಿರಲಿಲ್ಲ.

ಹೀಗೆ ಸೂರ್ಯ ಹುಟ್ಟದೆ, ಹೂಜಿ ತುಂಬದೆ ಸುಖವಾಗಿದ್ದ ಸಂಸಾರಕ್ಕೆ ಕಲ್ಲು ಹಾಕಿದ್ದು ಹೆಡ್‌ಮಾಸ್ತರರ ಸುತ್ತೋಲೆ.

ಹೆಡ್‌ಮಾಸ್ತರರಿಗೆ ಸುತ್ತೋಲೆ ಹೊರಡಿಸದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ನಲ್ಲಿ ತಿರುಗಿಸುವ ವಿಧಾನಕ್ಕೊಂದು, ಬಾಗಿಲು ಹಾಕುವಾಗ ಸದ್ದಾಗದಿರಲು ಒಂದು. ಹೋದ ವರ್ಷದ ಸುತ್ತೋಲೆಯಲ್ಲಿ ಗಂಡಸು ಮೇಷ್ಟ್ರುಗಳೆಲ್ಲ ಬೂದು ಪ್ಯಾಂಟು, ಕಪ್ಪು ಶೂ ಹಾಕತಕ್ಕದ್ದು ಎಂದಾಗಿತ್ತು. ಶೂಗಳನ್ನು ಒಂದೇ ಅಂಗಡಿಯಿಂದ, ಅಂದರೆ ಮೇಷ್ಟ್ರ ಹೆಂಡತಿಯ ಅಂಗಡಿಯಿಂದ, ಒಂದೇ ಮಾದರಿಯಲ್ಲಿ ತರಿಸಿ ತಾವೂ ಹಾಕಿಕೊಂಡಿದ್ದರು. ಆವತ್ತಿನಿಂದ ಸೊಂಟದಿಂದ ಕೆಳಗೆ ಇಡೀ ಶಾಲೆಗೆ ಒಬ್ಬನೇ ಗಂಡಸು. ಈ ಎಲ್ಲ ಪುಣ್ಯಕ್ಕಾಗಿ ಸ್ಟಾಫ್ ರೂಮಿನಲ್ಲಿ ಅವರ ಹೆಸರೇ "ಸುತ್ತೋಲೆ" ಎಂದಾಗಿತ್ತು. ಆ ಹೆಸರನ್ನು ಇಟ್ಟವರು ಡ್ರಾಯಿಂಗ್ ಮೇಷ್ಟ್ರೇ.

ಈ ಸಲದ ಸುತ್ತೋಲೆ ಅವರೊಬ್ಬರಿಗೇ ಬಂದಿತ್ತು. ಮುಂದಿನ ವರ್ಷದಿಂದ ಡ್ರಾಯಿಂಗ್ ಪೀರಿಯಡ್ ಇರುವುದಿಲ್ಲ. ಮೂಲೆ ಕೋಣೆಯಲ್ಲಿ ಅನಿಮೇಷನ್ ಲ್ಯಾಬ್ ಆಗುತ್ತದೆ. ವೀಡಿಯೊ ಗೇಮಿನ ಬೊಂಬೆಗಳನ್ನು ನಡೆಸುವ, ಓಡಿಸುವ ವಿದ್ಯೆಯನ್ನು ಮಕ್ಕಳಿಗೆ ಕಲಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಮೇಷ್ಟ್ರು ನಾಲ್ಕು ತಿಂಗಳಲ್ಲಿ ಅದರ ಸರ್ಟಿಫಿಕೇಟು ತಂದು, ಮಾಡಿದ ಕೆಲಸವನ್ನೂ ತೋರಿಸಿದರೆ ಲ್ಯಾಬು ಅವರದು. ಇಲ್ಲದಿದ್ದರೆ ಲೈಬ್ರರಿಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕಿ ನಂಬರು ಚೀಟಿ ಅಂಟಿಸುವುದು.

"ಗೊಂಬೆ ಆಡಿಸೋಕೆ ನಾನಾ?" ಎಂದು ಮೇಷ್ಟ್ರು ಮನೆಯಲ್ಲಿ ಗುಡುಗಿದರು.

"ಅಂಟು ಹಚ್ಚೋದಕ್ಕಿಂತ ವಾಸಿ ಅಲ್ವಾ" ಎಂದಳು ಹೆಂಡತಿ, ಬಟ್ಟೆ ಮಡಿಸುತ್ತಾ.

ಮೂಲೆ ಕೋಣೆ ಹೋಗುವುದೆಂದರೆ ಮೇಷ್ಟ್ರಿಗೆ ಎರಡನೇ ಬಹುಮಾನವನ್ನೂ ಕಿತ್ತುಕೊಂಡ ಹಾಗೆ. ಹೋಗಿ ಸೇರಿಕೊಂಡರು.

ತರಬೇತಿ ಕೇಂದ್ರ ಇದ್ದದ್ದು ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಎರಡಕ್ಕೂ ಮೆಟ್ಟಿಲು ಒಂದೇ. ಕೆನ್ನೆ ಊದಿಸಿಕೊಂಡವರು ಮೊದಲ ಮಹಡಿಯಲ್ಲಿ ನಿಲ್ಲುತ್ತಿದ್ದರು, ಬೆನ್ನಿಗೆ ಚೀಲ ಹಾಕಿಕೊಂಡವರು ಎರಡನೆಯದಕ್ಕೆ ಹತ್ತುತ್ತಿದ್ದರು. ಮೇಷ್ಟ್ರು ಊದಿದ ಮುಖದೊಂದಿಗೆ ಎರಡನೆಯದಕ್ಕೆ ಹತ್ತಿದ್ದರಿಂದ ಮೊದಲ ದಿನವೇ ಆಸ್ಪತ್ರೆಯ ನರ್ಸು, "ಯಜಮಾನ್ರೇ, ಹಲ್ಲಿಗೆ ಇಲ್ಲೇ" ಎಂದು ಕೂಗಿದಳು.

ಕಲಿಸುವವಳನ್ನು ನೋಡಿ ಅವರಿಗೆ ಎದೆಯೇ ಒಡೆಯಿತು. ಇಪ್ಪತ್ತಾರು ವರ್ಷದ ಹುಡುಗಿ. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಜುಟ್ಟು ಬಿಚ್ಚದಿರಲೆಂದು ಅದಕ್ಕೊಂದು ಪೆನ್ಸಿಲ್ ಚುಚ್ಚಿಕೊಂಡಿದ್ದಳು. ಆ ಇಡೀ ಕೋಣೆಯಲ್ಲಿ ಇದ್ದದ್ದು ಅದೊಂದೇ ಪೆನ್ಸಿಲ್. ಇಂಥವಳನ್ನು ಮೇಡಂ ಎನ್ನಬೇಕಾಗಿತ್ತು. ಮೇಷ್ಟ್ರು ಅಂದರು, ಆದರೆ ಔಷಧಿ ನುಂಗುವವರ ಹಾಗೆ. ಸಹಪಾಠಿಗಳು ಏಳು ಮಂದಿ, ಎಲ್ಲ ಅವರ ಶಿಷ್ಯರ ವಯಸ್ಸಿನವರು. ಪಕ್ಕದಲ್ಲಿ ಕೂತವನು ಕತ್ತಿಗೆ ಸದಾ ಹೆಡ್‌ಫೋನ್ ನೇತುಹಾಕಿಕೊಂಡಿದ್ದ. ಮೇಷ್ಟ್ರು ಅವನ ಹೆಸರನ್ನು ಕೇಳುವ ಗೋಜಿಗೆ ಹೋಗದೆ ಹೆಡ್‌ಫೋನ್ ಎಂದೇ ಕರೆದರು. ಅವನು ಅದಕ್ಕೆ ಓಗೊಟ್ಟದ್ದನ್ನು ನೋಡಿ ಈ ಪೀಳಿಗೆಗೆ ಸ್ವಾಭಿಮಾನವಿಲ್ಲ ಎಂದು ತೀರ್ಮಾನಿಸಿದರು.

ಮೊದಲ ಎರಡು ವಾರ ಒಂದು ಚೆಂಡನ್ನು ಪುಟಿಸುವುದೇ ಪಾಠ. ಕಂಪ್ಯೂಟರಿನಲ್ಲಿ ಒಂದು ಚೆಂಡು ಮೇಲಿಂದ ಬೀಳಬೇಕು, ಏಳಬೇಕು, ಮತ್ತೆ ಬಿದ್ದು ಸುಮ್ಮನಾಗಬೇಕು. ಮೇಷ್ಟ್ರು ಮೂಗಿನಲ್ಲೇ ನಕ್ಕು, ಅರ್ಧ ಗಂಟೆಯಲ್ಲಿ ಮಾಡಿ ಬಿಸಾಕಿದರು. ಮೇಡಂ ಬಂದು ನೋಡಿದಳು.

"ಸರ್, ಇದು ಚೆಂಡಲ್ಲ."

"ಮತ್ತೆ?"

"ಬಲೂನು. ಇದಕ್ಕೆ ತೂಕಾನೇ ಇಲ್ಲ. ಬೀಳೋಕೆ ಮನಸ್ಸೇ ಇಲ್ಲದ ಹಾಗೆ ಬೀಳ್ತಿದೆ."

"ಬೀಳೋದು ಅದರ ಘನತೆಗೆ ತಕ್ಕದ್ದಲ್ಲ ಮೇಡಂ" ಎಂದರು ಮೇಷ್ಟ್ರು. ಹೆಡ್‌ಫೋನ್ ಕಿಸಕ್ಕೆಂದ.

ಚೆಂಡು ಹೇಗೋ ಪಾಸಾಯಿತು. ಆಮೇಲೆ ಬಂತು ನಡಿಗೆ. ಗೇಮಿನಲ್ಲಿ ಮನುಷ್ಯ ನಡೆಯುವುದು ಎರಡೇ ಹೆಜ್ಜೆಯಂತೆ. ಬಲ, ಎಡ. ಆ ಎರಡನ್ನೇ ಸುತ್ತಿ ಸುತ್ತಿ ಓಡಿಸಿದರೆ ಅವನು ಸಾಯುವ ತನಕ ನಡೆಯುತ್ತಲೇ ಇರುತ್ತಾನೆ. ಅದಕ್ಕೆ ವಾಕ್ ಸೈಕಲ್ ಎಂದು ಹೆಸರು. "ನಡೆಯುವವನಿಗೆ ಸೈಕಲ್ ಯಾಕೆ?" ಎಂದು ಮೇಷ್ಟ್ರು ಹಾಸ್ಯ ಮಾಡಿದರು, ಯಾರೂ ನಗದ್ದರಿಂದ ಇವರಿಗೆ ಹಾಸ್ಯಪ್ರಜ್ಞೆಯೂ ಇಲ್ಲ ಎಂದು ಬರೆದುಕೊಂಡರು. ಕಣ್ಣು ಮೂಗು ಇಲ್ಲದ ಬೂದು ಬಣ್ಣದ ಬೊಂಬೆಯೊಂದನ್ನು ಎಲ್ಲರಿಗೂ ಕೊಟ್ಟರು. ಅದರ ಸೊಂಟ, ಮೊಣಕಾಲು, ಹಿಮ್ಮಡಿಗಳನ್ನು ಒಂದೊಂದು ಗಳಿಗೆಗೆ ಒಂದೊಂದು ಕಡೆ ಇಟ್ಟು ನಡೆಸಬೇಕು.

ಮೇಷ್ಟ್ರು ತಮ್ಮ ಬೊಂಬೆಗೆ ವೀರಾಧಿವೀರನ ಠೀವಿ ಕೊಟ್ಟರು. ಎದೆ ಮುಂದೆ, ಗಲ್ಲ ಮೇಲೆ. ನಡೆಯಲು ಬಿಟ್ಟರೆ ಆ ಮಹಾಶೂರ ಎಣ್ಣೆ ಚೆಲ್ಲಿದ ನೆಲದ ಮೇಲೆ ಹೋಗುವವನಂತೆ ಸರ್ರನೆ ಹಿಂದಕ್ಕೂ ಮುಂದಕ್ಕೂ ತೇಲಿದ.

"ಸರ್, ನಿಮ್ಮದು ಕಾಲು ಜಾರ್ತಿದೆ" ಎಂದಳು ಮೇಡಂ, ಎಲ್ಲರಿಗೂ ಕೇಳಿಸುವಂತೆ.

ಮೇಷ್ಟ್ರ ಮುಖ ಕೆಂಪಾಯಿತು. "ಮಾತು ನೋಡಿ ಆಡಬೇಕಮ್ಮ. ಇಪ್ಪತ್ತಮೂರು ವರ್ಷದ ಸರ್ವೀಸು ನನ್ನದು. ಯಾರೂ ಹೀಗೆ ಅಂದಿಲ್ಲ."

"ಅಯ್ಯೋ, ಬೊಂಬೇದು ಸರ್. ಊರಿದ ಪಾದ ನೆಲಕ್ಕೆ ಅಂಟಿಕೊಂಡಿರಬೇಕು. ಇವನದು ನಿಲ್ತಾನೇ ಇಲ್ಲ."

"ನನ್ನದೇನೂ ತಪ್ಪಿಲ್ಲ. ಈ ಕಂಪ್ಯೂಟರಲ್ಲಿ ನೆಲಾನೇ ಓರೆಯಾಗಿದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟೋ ಸಲ ಒಪ್ಪಿಸಿದ್ದ ಬಾಯಿಂದಲೇ ಆ ಮಾತು ಹೊರಬಿದ್ದಿತ್ತು. ಹೆಡ್‌ಫೋನ್ ಮೇಜಿನ ಕೆಳಗೆ ಏನನ್ನೋ ಹುಡುಕುವವನಂತೆ ಬಗ್ಗಿ, ಬಹಳ ಹೊತ್ತು ಏಳಲಿಲ್ಲ.

ಮನೆಗೆ ಬಂದು ಹೇಳಿದರು. "ಆ ಹುಡುಗಿ ಎಲ್ಲರ ಎದುರಿಗೆ ನಂಗೆ ಕಾಲು ಜಾರಿದೆ ಅಂತಾಳೆ."

ಹೆಂಡತಿ ಸೌಟು ಹಿಡಿದುಕೊಂಡೇ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಈ ವಯಸ್ಸಲ್ಲಾ? ಪಾಪ, ಯಾರ ಜೊತೆಗಂತೆ?"

ತೂಕ ಬರಬೇಕಾದರೆ ತಮ್ಮದೇ ನಡಿಗೆಯ ವೀಡಿಯೊ ತೆಗೆದು, ಅದನ್ನು ಪಕ್ಕದಲ್ಲಿಟ್ಟುಕೊಂಡು ಬೊಂಬೆಯನ್ನು ನಡೆಸಬೇಕು ಎಂದು ಮೇಡಂ ಹೇಳಿಕೊಟ್ಟಳು. ಹುಡುಗರೆಲ್ಲ ಕಾರಿಡಾರಿನಲ್ಲಿ ಒಬ್ಬರನ್ನೊಬ್ಬರು ನಡೆಸಿ ಫೋನಿನಲ್ಲಿ ಹಿಡಿದರು. ಮೇಷ್ಟ್ರು ಒಪ್ಪಲಿಲ್ಲ. ನೋಡಿ ಬರೆಯುವುದು ನಕಲು, ಕಲೆಯಲ್ಲ ಎಂದರು. ಅವರ ವೀರ ತೇಲುತ್ತಲೇ ಇದ್ದ. ಮೂರು ತಿಂಗಳು ತೇಲಿದ.

ಕೊನೆಯ ಪರೀಕ್ಷೆಗೆ ಒಂದು ಸಣ್ಣ ಗೇಮ್ ಕಂಪನಿಯವರು ತಮ್ಮ ಹೊಸ ಆಟದ ದೃಶ್ಯ ಕೊಟ್ಟಿದ್ದರು. ಒಂದು ಸೇತುವೆ. ಒಂದು ಕಡೆಯಿಂದ ವೀರ ಬರುತ್ತಾನೆ. ಇನ್ನೊಂದು ಕಡೆಯಿಂದ ಸೇತುವೆಯ ಅಧಿಕಾರಿ, ದೊಡ್ಡ ಟೋಪಿ ಹಾಕಿಕೊಂಡ ಹಮ್ಮಿನ ಪ್ರಾಣಿ, ನಡೆದುಬಂದು ಕೈ ಎತ್ತಿ ತಡೆಯುತ್ತಾನೆ. ವೀರ ಅವನನ್ನು ನೀರಿಗೆ ನೂಕುತ್ತಾನೆ, ಟೋಪಿ ತೇಲುತ್ತದೆ. ಇಬ್ಬರಲ್ಲಿ ಒಬ್ಬನನ್ನು ಆರಿಸಿಕೊಂಡು ಮಾಡಬೇಕು. ಮೇಷ್ಟ್ರು ವೀರನನ್ನು ಬಿಟ್ಟು ಬೇರೆಯವರನ್ನು ಆರಿಸುವ ಪೈಕಿಯೇ ಅಲ್ಲ. ಒಂದು ಸಲ ಕೊಟ್ಟರು, ವಾಪಸ್ ಬಂತು. ಎರಡನೇ ಸಲ ಕೊಟ್ಟರು, ಅದೂ ಬಂತು.

"ಸರ್, ಇನ್ನೊಂದೇ ಅವಕಾಶ" ಎಂದಳು ಮೇಡಂ. ಈ ಸಲ ಅವಳ ದನಿಯಲ್ಲಿ ಕನಿಕರವಿತ್ತು, ಅದು ಅವರಿಗೆ ನಗೆಗಿಂತ ಕೆಟ್ಟದಾಗಿ ಚುಚ್ಚಿತು. "ನಿಮ್ಮ ವೀರನ ಕಾಲು ನೆಲದ ಮೇಲೇ ಇಲ್ಲ. ಮುಂದಿನ ಸೋಮವಾರಕ್ಕೆ ಸರಿಹೋಗ್ಲಿಲ್ಲ ಅಂದ್ರೆ ಸರ್ಟಿಫಿಕೇಟ್ ಕೊಡೋಕಾಗಲ್ಲ. ಅಧಿಕಾರಿ ಪಾತ್ರ ಟ್ರೈ ಮಾಡಿ. ಅಂಥವರು ಯಾರಾದರೂ ಗೊತ್ತಿದ್ರೆ ನೋಡಿ."

ಮೆಟ್ಟಿಲು ಇಳಿಯುವಾಗ ಮೇಷ್ಟ್ರಿಗೆ ಜ್ಞಾನೋದಯವಾಯಿತು. ಅಂಥವರು ಗೊತ್ತಿಲ್ಲದೆ ಏನು? ದಿನಾ ಸಂಜೆ ಐದೂವರೆಗೆ ಹೆಂಡತಿಯ ಅಂಗಡಿಯ ಮುಂದೆ, ಭೂಮಿ ತಮ್ಮ ಅಪ್ಪನ ಆಸ್ತಿ ಎನ್ನುವ ಹಾಗೆ ಬಸ್ ಸ್ಟಾಪಿಗೆ ನಡೆದುಹೋಗುತ್ತದಲ್ಲ ಆ ಸುತ್ತೋಲೆ! ನಕಲು ಮಾಡುವುದು ಕಲೆಯಲ್ಲ, ನಿಜ. ಆದರೆ ಹೆಡ್‌ಮಾಸ್ತರನ್ನು ಸೇತುವೆಯಿಂದ ನೀರಿಗೆ ನೂಕುವುದು ಶುದ್ಧ ಕಲೆ.

"ನಾಳೆ ಸಂಜೆ ಅವನು ನಿಮ್ಮ ಅಂಗಡಿ ಮುಂದೆ ಹೋಗ್ತಾನಲ್ಲ, ಅವನ ನಡಿಗೇನ ಫೋನಲ್ಲಿ ಹಿಡ್ಕೊಂಡು ಬಾ" ಎಂದು ಹೆಂಡತಿಗೆ ಆಜ್ಞೆಯಾಯಿತು.

"ಯಾಕೆ?"

"ನಿಂಗರ್ಥ ಆಗಲ್ಲ."

ಮಾರನೇ ದಿನ ಅವಳು ಫೋನ್ ಕೊಟ್ಟಳು. ಅರ್ಧ ನಿಮಿಷದ ವೀಡಿಯೊ. ಗಿಡ್ಡ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಹಿಡಿದದ್ದು, ಹಾಗಾಗಿ ಅದರಲ್ಲಿದ್ದದ್ದು ಸೊಂಟದಿಂದ ಕೆಳಗೆ ಮಾತ್ರ. ನಡಿಗೆ ಎಂದರೆ ಆಕೆಗೆ ಕಾಲು. ಬೂದು ಪ್ಯಾಂಟು, ಕಪ್ಪು ಶೂ ಎಡಗಡೆಯಿಂದ ಬಂದವು, ಅಂಗಡಿಯ ಮುಂದೆ ಒಂದು ಗಳಿಗೆ ನಿಂತವು, ಬೆನ್ನು ತೋರಿಸಿ ಹೊರಟುಹೋದವು.

"ಮುಖಾನೇ ಇಲ್ಲವಲ್ಲೇ!"

"ಮುಖ ನಡೆಯುತ್ತಾ? ರೀ, ಅದರಲ್ಲಿ ಒಂದು ವಿಷಯ—"

"ಚಪ್ಪಲಿ ಪುರಾಣ ಆಮೇಲೆ" ಎಂದು ಮೇಷ್ಟ್ರು ಫೋನ್ ಕಿತ್ತುಕೊಂಡು ಒಳಗೆ ಹೋದರು.

ಆ ವಾರ ಅವರು ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ವಸ್ತುವನ್ನು ಇದ್ದ ಹಾಗೆ ನೋಡಿದರು. ತಿರಸ್ಕಾರಕ್ಕೆ ಇಂಥ ಕಣ್ಣಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ವೀಡಿಯೊವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಾ, ಪ್ರತಿಯೊಂದಕ್ಕೂ ಬೈದರು. ನೋಡು, ಪಾದಗಳು ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತ ಗಡಿಯಾರದ ಮುಳ್ಳುಗಳ ಹಾಗೆ ಹೊರಗೆ ತಿರುಗಿವೆ. ಭಾರವೆಲ್ಲ ಹಿಂದಕ್ಕೆ, ಹೊಟ್ಟೆ ಮೊದಲು ಹೋಗಿ ದಾರಿ ಬಿಡಿಸಲಿ, ನಾನು ಆಮೇಲೆ ಬರುತ್ತೇನೆ ಎನ್ನುವ ನಡಿಗೆ. ಹಿಮ್ಮಡಿಯನ್ನು ಊರುವುದು ಹೇಗೆ ಅಂದರೆ, ಸರ್ಕಾರಿ ಕಾಗದದ ಮೇಲೆ ಮುದ್ರೆ ಒತ್ತಿದ ಹಾಗೆ. ಊರಿ, ಅರೆಗಳಿಗೆ ತಡೆಯುತ್ತಾನೆ, ಯಾರಾದರೂ ನೋಡಿದರೋ ಎಂದು. ಬಲಗಾಲು ಎತ್ತಿದಾಗ ಅಟ್ಟೆ ಕಾಣುತ್ತದೆ. ಹೊರಗಿನ ಮೂಲೆ ಹಲಸಿನ ತೊಳೆಯಷ್ಟು ಸವೆದುಹೋಗಿದೆ! ಅದಕ್ಕೇ ಪ್ರತಿ ಬಲಹೆಜ್ಜೆಗೂ ಸೊಂಟ ಒಂಚೂರು ಕುಕ್ಕುತ್ತದೆ. ಥೂ, ಇಂಥವನ ಕೈಕೆಳಗೆ ಇಷ್ಟು ವರ್ಷ ಇದ್ದೆನೇ!

ಪ್ರತಿ ಬೈಗುಳವೂ ಬೊಂಬೆಯ ಮೈಗೆ ಇಳಿಯಿತು. ಹಿಮ್ಮಡಿ ಮುದ್ರೆ ಒತ್ತಿತು, ಹೊಟ್ಟೆ ದಾರಿ ಬಿಡಿಸಿತು, ಸೊಂಟ ಕುಕ್ಕಿತು. ಊರಿದ ಪಾದ ಊರಿದಲ್ಲೇ ಇತ್ತು, ಕೂದಲೆಳೆಯಷ್ಟೂ ಜಾರಲಿಲ್ಲ. ಮುಗಿದ ಕೆಲಸದ ಫೈಲಿಗೆ ಮೇಷ್ಟ್ರು ಹಲ್ಲು ಕಿರಿಯುತ್ತಾ "ಸುತ್ತೋಲೆ" ಎಂದು ಹೆಸರಿಟ್ಟರು.

ಸೋಮವಾರ ದೊಡ್ಡ ಪರದೆಯ ಮೇಲೆ ಅದನ್ನು ಹಾಕಿದಾಗ ಬೂದು ಬೊಂಬೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಇಡೀ ಕೋಣೆ ಬಿದ್ದುಬಿದ್ದು ನಕ್ಕಿತು. ಹೆಡ್‌ಫೋನ್ ಕಣ್ಣೀರು ಒರೆಸಿಕೊಂಡ. ಟೋಪಿ ತೇಲಿದಾಗ ಚಪ್ಪಾಳೆ ಬಿತ್ತು. ಕೆಳಗಿನ ಮಹಡಿಯಿಂದ ನರ್ಸು ಬಂದು, ಪೇಷಂಟುಗಳು ಹೆದರುತ್ತಾರೆ ಎಂದು ಗದರಿಸಿ, ಒಂದು ಸಲ ತಾನೂ ನೋಡಿ, ಮೇಷ್ಟ್ರ ಮುಖ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಇಳಿದುಹೋದಳು.

ಮೇಡಂ ಕುರ್ಚಿಯಿಂದ ಕಾಲು ಇಳಿಸಿ ಎದ್ದು ನಿಂತಳು. ಅದು ಅವಳು ಯಾರಿಗೂ ಮಾಡದ ಮರ್ಯಾದೆ. "ಸರ್, ನಾನು ನಿಮ್ಮನ್ನ ತಪ್ಪು ತಿಳಿದಿದ್ದೆ. ಇಷ್ಟು ಧೈರ್ಯ ಯಾರಿಗೂ ಇರಲ್ಲ."

"ಏನ್ಮಹಾ, ಬಿಡಿ" ಎಂದರು ಮೇಷ್ಟ್ರು. "ನಿಜ ಹೇಳೋಕೆ ಯಾರಿಗೆ ಹೆದರಬೇಕು?"

"ನೀವು ಒಪ್ಪಿದ್ರೆ ಕಂಪನಿಯವರು ಈ ನಡಿಗೇನ ಗೇಮಲ್ಲಿ ಹಾಗೇ ಇಟ್ಕೋತಾರೆ. ನಿಮ್ಮ ಮನಸ್ಸಿಗೇನೂ ಬೇಜಾರಿಲ್ಲ ತಾನೆ?"

"ನಂಗ್ಯಾಕೆ ಬೇಜಾರು? ಊರೆಲ್ಲಾ ನೋಡ್ಲಿ. ಮಕ್ಕಳು ದಿನಾ ನೀರಿಗೆ ನೂಕ್ಲಿ."

ಹುಡುಗರು ಇನ್ನೊಂದು ಸುತ್ತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಸರ್ಟಿಫಿಕೇಟು ಹಿಡಿದುಕೊಂಡು, ಪಾದಗಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ತಿರುಗಿಸಿ, ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಬಾಗಿಲಿನತ್ತ ನಡೆದರು. ಹಿಂದೆ ಮತ್ತೆ ನಗು ಎದ್ದದ್ದು ಅವರಿಗೆ ಜಯಘೋಷದ ಹಾಗೆ ಕೇಳಿಸಿತು.

ಮನೆಯಲ್ಲಿ ಶೂ ಬಿಚ್ಚುತ್ತಾ ಹೆಂಡತಿಗೆ ವರ್ಣಿಸಿದರು. ನಗು, ಚಪ್ಪಾಳೆ, ಮೇಡಂ ಎದ್ದು ನಿಂತದ್ದು. "ಅಷ್ಟೇ ಅಲ್ವೇ, ಸುತ್ತೋಲೆ ನಡಿಗೆಯ ಮೂಲಾನೇ ಹಿಡಿದುಬಿಟ್ಟೆ. ಅವನ ಬಲಗಾಲಿನ ಅಟ್ಟೆ ಇದೆಯಲ್ಲ, ಹೊರಗಡೆ ಮೂಲೇಲಿ ಸವೆದುಹೋಗಿದೆ. ಅದಕ್ಕೇ ಅವನು ಕುಕ್ಕೋದು. ಹದಿನೈದು ವರ್ಷ ಅಂಗಡೀಲಿ ಕೂತಿದೀಯ, ನಿಂಗೆ ಕಂಡಿತ್ತಾ ಅದು?"

ಹೆಂಡತಿ ಬಗ್ಗಿ, ಅವರು ಆಗತಾನೇ ಬಿಚ್ಚಿಟ್ಟ ಬಲಗಾಲಿನ ಶೂ ಎತ್ತಿಕೊಂಡು ಮಗುಚಿದಳು. ಹೊರಗಿನ ಮೂಲೆ ಹಲಸಿನ ತೊಳೆಯಷ್ಟು ಸವೆದಿತ್ತು.

ಮೇಷ್ಟ್ರು ಶೂ ಕಸಿದುಕೊಂಡು ದೀಪದ ಕೆಳಗೆ ಹಿಡಿದು ನೋಡಿದರು.

"ಆವತ್ತು ಹೆಡ್‌ಮಾಸ್ತರು ಬರಲೇ ಇಲ್ಲ ರೀ" ಎಂದಳು ಆಕೆ. "ಯಾರದೋ ಕಾರಲ್ಲಿ ಹೋದ್ರಂತೆ. ನೀವು ಕ್ಲಾಸಿಗೆ ಹೋಗೋವಾಗ ಅಂಗಡಿ ಮುಂದೆ ಬಂದು ಗಾಜಲ್ಲಿ ಕ್ರಾಪು ನೋಡ್ಕೊಂಡು ಹೋದ್ರಿ. ನಡಿಗೆ ಬೇಕೇ ಬೇಕು ಅಂದಿದ್ರಲ್ಲ, ನಿಮ್ಮದನ್ನೇ ಹಿಡಿದೆ. ಹೇಳೋಕೆ ಬಂದೆ. ಪುರಾಣ ಬೇಡ ಅಂದ್ರಿ."

"ಹಾಗಾದ್ರೆ ಅವರೆಲ್ಲಾ ನಕ್ಕಿದ್ದು..."

"ಊಟ ಬಡಿಸ್ಲಾ?"

ಮೇಷ್ಟ್ರು ಆ ರಾತ್ರಿ ಅಡುಗೆಮನೆಯವರೆಗೂ ಗೋಡೆ ಹಿಡಿದುಕೊಂಡು ಹೋದರು. ಕಾಲಿಗೇನೂ ಆಗಿರಲಿಲ್ಲ, ನಡೆಯುವುದು ಹೇಗೆಂದು ಮರೆತುಹೋಗಿತ್ತು.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರ ಕೋಣೆಯಲ್ಲಿ ಕೆಲಸ ತೋರಿಸಬೇಕಿತ್ತು. ಕ್ಲರ್ಕು ಲ್ಯಾಬಿನ ಬೀಗದ ಕೈಯನ್ನೂ ಲೈಬ್ರರಿಯ ಅಂಟಿನ ಡಬ್ಬಿಯನ್ನೂ ಎರಡನ್ನೂ ಸಿದ್ಧವಾಗಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ. ಹೆಡ್‌ಮಾಸ್ತರರು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, "ಕಾಗದ ಇದೆ. ಕೆಲಸ?" ಎಂದರು.

ಮೇಷ್ಟ್ರು ಪೆನ್‌ಡ್ರೈವ್ ಚುಚ್ಚಿ ತಮ್ಮ ಮೊದಲ ಚೆಂಡನ್ನು ಹಾಕಿದರು. ಹೆಡ್‌ಮಾಸ್ತರರು ಕನ್ನಡಕ ಏರಿಸಿ ನೋಡಿದರು.

"ಇದು ಚೆಂಡೋ ಬಲೂನೋ?"

"ಚೆಂಡು ಸರ್."

"ಇಷ್ಟೇನಾ? ಇದಕ್ಕೆ ನಾಲ್ಕು ತಿಂಗಳಾ? ಇನ್ನೇನಿದೆ ಇದರಲ್ಲಿ..." ಎನ್ನುತ್ತಾ ಮೌಸನ್ನು ತಾವೇ ಎಳೆದುಕೊಂಡರು. ಅವರ ಕಣ್ಣು ಒಂದು ಫೈಲಿನ ಹೆಸರಿನ ಮೇಲೆ ನಿಂತಿತು. ಸುತ್ತೋಲೆ ಎಂದು ಬರೆದದ್ದನ್ನು ಓದದೆ ಬಿಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಒತ್ತಿದರು.

ಬೂದು ಅಧಿಕಾರಿ ನಡೆದುಬಂದ. ಮುದ್ರೆ ಒತ್ತಿದ, ಕುಕ್ಕಿದ, ತಡೆದು ನಿಂತು ಯಾರಾದರೂ ನೋಡಿದರೋ ನೋಡಿದ, ಕೈ ಎತ್ತಿದ, ನೀರಿಗೆ ಬಿದ್ದ. ಟೋಪಿ ತೇಲಿತು. ಕ್ಲರ್ಕಿಗೆ ಕೆಮ್ಮು ಬಂತು, ಬಹಳ ಬಂತು.

ಹೆಡ್‌ಮಾಸ್ತರರ ಕಿವಿ ನಿಧಾನವಾಗಿ ಕೆಂಪಾಯಿತು. "ಸುತ್ತೋಲೆ ಅಂದ್ರೆ?"

"ಸರ್, ಅದು... ವಾಕ್ ಸೈಕಲ್ ಅಂತ ಇಂಗ್ಲಿಷಿನಲ್ಲಿ. ಎರಡು ಹೆಜ್ಜೆ ಸುತ್ತಿ ಸುತ್ತಿ ಬರ್ತವಲ್ಲ. ಮಕ್ಕಳಿಗೆ ಅರ್ಥ ಆಗಲಿ ಅಂತ ಕನ್ನಡದಲ್ಲಿ ನಾನೇ ಹೆಸರಿಟ್ಟೆ."

"ಹೂಂ. ಪದವೇನೋ ಚೆನ್ನಾಗಿದೆ." ದನಿ ಚೆನ್ನಾಗಿರಲಿಲ್ಲ. "ಇದು ಯಾರನ್ನ ನೋಡಿ ಮಾಡಿದ್ದು ಮೇಷ್ಟ್ರೇ?"

ಕ್ಲರ್ಕಿನ ಕೈ ಬೀಗದ ಕೈಯಿಂದ ಸರಿದು ಅಂಟಿನ ಡಬ್ಬಿಯ ಮೇಲೆ ಕೂತದ್ದನ್ನು ಮೇಷ್ಟ್ರು ಕಂಡರು. ಎಂಥ ಸ್ಥಿತಿ! ನಿನ್ನೆಯವರೆಗೆ ಹೆಡ್‌ಮಾಸ್ತರನೆಂದು ನಂಬಿ ಮೆರೆದದ್ದನ್ನು ಇವತ್ತು ಹೆಡ್‌ಮಾಸ್ತರನಲ್ಲ ಎಂದು ಸಾಧಿಸಬೇಕು. ಅದಕ್ಕಿರುವುದು ಒಂದೇ ದಾರಿ.

"ನನ್ನನ್ನೇ ಸರ್."

"ಸುಳ್ಳು. ನೀವು ಹೀಗೆ ನಡೆಯಲ್ಲ."

"ನಡೀತೀನಿ ಸರ್."

"ನೀರಿಗೆ ಬಿದ್ದವನೂ ನೀವೇನಾ?"

"ನಾನೇ ಸರ್."

"ಎಲ್ಲಿ, ನಡೆದು ತೋರಿಸಿ."

ಮೇಷ್ಟ್ರು ಬಾಗಿಲಿನವರೆಗೆ ಹೋಗಿ ತಿರುಗಿದರು. ನಲವತ್ತೇಳು ವರ್ಷ ಒಂದು ದಿನವೂ ತಪ್ಪದೆ ನಡೆದ ನಡಿಗೆ ಈಗ ಬೇಕೆಂದಾಗ ಬರಲಿಲ್ಲ. ಎಡಗಾಲಿನ ಜೊತೆ ಎಡಗೈ ಎದ್ದಿತು. ಪಾದ ನೆಲಕ್ಕೆ ಸಿಗಲೋ ಬೇಡವೋ ಎಂದು ತಡಕಾಡಿತು. ನಯವಾದ ಟೈಲ್ಸಿನ ಮೇಲೆ ಹಿಮ್ಮಡಿ ಸರ್ರನೆ ಹೋಗಿ, ಮೇಜಿನ ಅಂಚು ಹಿಡಿದುಕೊಂಡರು. ಮೇಡಂ ಇದ್ದಿದ್ದರೆ ಕಾಲು ಜಾರ್ತಿದೆ ಸರ್ ಎನ್ನುತ್ತಿದ್ದಳು, ಈ ಸಲ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

"ನೋಡಿದ್ರಾ?" ಎಂದರು ಹೆಡ್‌ಮಾಸ್ತರರು. "ಅದಲ್ಲ ಇದು. ಆ ಬೊಂಬೆಗೆ ಒಂದು ಗತ್ತಿದೆ."

ಮೇಷ್ಟ್ರಿಗೆ ಇನ್ನು ಬೇರೆ ದಾರಿ ಇರಲಿಲ್ಲ. ಬಗ್ಗಿ ಬಲಗಾಲಿನ ಶೂ ಬಿಚ್ಚಿ ಕೈಗೆ ತೆಗೆದುಕೊಂಡರು. ಮೇಲಧಿಕಾರಿಯ ಮುಂದೆ ಒಬ್ಬ ಶೂ ಬಿಚ್ಚಿ ಕೈಗೆ ತೆಗೆದುಕೊಂಡರೆ ಅದಕ್ಕೆ ಇರುವುದು ಒಂದೇ ಅರ್ಥ. ಕ್ಲರ್ಕು, "ಮೇಷ್ಟ್ರೇ, ಬೇಡಿ, ದುಡುಕಬೇಡಿ" ಎಂದು ಅಂಟಿನ ಡಬ್ಬಿ ಸಮೇತ ಮಧ್ಯೆ ಬಂದ. ಹೆಡ್‌ಮಾಸ್ತರರು ಕುರ್ಚಿಯನ್ನು ಗೋಡೆಯವರೆಗೆ ಹಿಂದಕ್ಕೆ ತಳ್ಳಿಕೊಂಡರು.

"ಹೊಡೆಯೋಕಲ್ಲ ಸರ್" ಎಂದು ಮೇಷ್ಟ್ರು ಶೂ ಮಗುಚಿ ಹಿಡಿದರು. "ಅಟ್ಟೆ ನೋಡಿ. ಬಲಗಾಲು, ಹೊರಗಿನ ಮೂಲೆ. ಹಿಂದಕ್ಕೆ ವಾಲ್ಕೊಂಡು, ಹೊಟ್ಟೆ ಮುಂದೆ ಬಿಟ್ಕೊಂಡು ನಡೆಯೋರಿಗೆ ಮಾತ್ರ ಹೀಗೆ ಸವೆಯೋದು. ತನಗೆ ತಾನೇ ದೊಡ್ಡ ಮನುಷ್ಯ ಅಂದ್ಕೊಂಡೋರಿಗೆ. ಈಗ ಬೊಂಬೆ ನೋಡಿ, ಬಲಗಾಲಿಗೇ ಕುಕ್ಕುತ್ತೆ. ಬೇರೆ ಯಾರೂ ಅಲ್ಲ ಸರ್. ನನ್ನ ಹೆಂಡತಿ ಚಪ್ಪಲಿ ಅಂಗಡೀಲಿ ಕೆಲಸ ಮಾಡ್ತಾಳೆ, ಅವಳೇ ಹೇಳಿದ್ದು."

ಚಪ್ಪಲಿ ಅಂಗಡಿ ಎಂಬ ಶಬ್ದವನ್ನು ಅವರು ಶಾಲೆಯಲ್ಲಿ ಆಡಿದ್ದು ಅದೇ ಮೊದಲು.

ಹೆಡ್‌ಮಾಸ್ತರರು ಶೂವನ್ನು ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದರು. ಪರದೆಯನ್ನು ನೋಡಿದರು. ಆಮೇಲೆ, ಏನೋ ಕೆಳಗೆ ಬಿದ್ದಿತೇನೋ ಎನ್ನುವಂತೆ ಕುರ್ಚಿಯಲ್ಲೇ ಓರೆಯಾಗಿ, ತಮ್ಮ ಬಲಗಾಲನ್ನು ಎಡ ಮೊಣಕಾಲಿನ ಮೇಲೆ ಎಳೆದುಕೊಂಡರು. ಒಂದೇ ಅಂಗಡಿಯ, ಒಂದೇ ಮಾದರಿಯ ಕಪ್ಪು ಶೂ. ಅಟ್ಟೆಯ ಹೊರಗಿನ ಮೂಲೆ ಒಂದು ಕ್ಷಣ ಕಂಡಿತು. ಮೇಷ್ಟ್ರಿಗೂ ಕಂಡಿತು, ಕ್ಲರ್ಕಿಗೂ ಕಂಡಿತು. ಹೆಡ್‌ಮಾಸ್ತರರು ಕಾಲನ್ನು ಸರಕ್ಕನೆ ಮೇಜಿನ ಕೆಳಕ್ಕೆ, ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟು ಹಿಂದಕ್ಕೆ ಸೇರಿಸಿದರು.

"ಸರಿ" ಎಂದರು. "ನೀವೇ ಅಂತ ಗೊತ್ತಾಯ್ತು. ನೂರಕ್ಕೆ ನೂರು ನೀವೇ. ಬೀಗದ ಕೈ ಇಸ್ಕೊಳ್ಳಿ."

ಕ್ಲರ್ಕು ಬೀಗದ ಕೈ ಕೊಟ್ಟ. ಮೇಷ್ಟ್ರು ಶೂ ಹಾಕಿಕೊಂಡು ದಾರ ಕಟ್ಟಿದರು. ಪ್ರಾರ್ಥನೆಯ ಗಂಟೆ ಹೊಡೆಯಿತು. ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು; ಕೋಣೆಯಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ, ಎಲ್ಲರ ಕಣ್ಣೆದುರಿಗೆ.

"ನಡೀರಿ ಮೇಷ್ಟ್ರೇ" ಎಂದರು ಹೆಡ್‌ಮಾಸ್ತರರು, ಏಳದೆ.

"ತಾವು ಮುಂದೆ ನಡೀರಿ ಸರ್. ನಾನು ಹಿಂದೆ ಬರ್ತೀನಿ."

"ಛೆ ಛೆ, ಹಿಂದೆ ಯಾಕೆ? ನೀವೇ ಮುಂದೆ ಹೋಗಿ."

ಎರಡನೇ ಗಂಟೆಯೂ ಹೊಡೆಯಿತು. ಇಬ್ಬರೂ ಅಲುಗಲಿಲ್ಲ. ಕ್ಲರ್ಕು ಇವರನ್ನೊಮ್ಮೆ ಅವರನ್ನೊಮ್ಮೆ ನೋಡಿ, ಅಂಟಿನ ಡಬ್ಬಿಯನ್ನು ಕಪಾಟಿನಲ್ಲಿಟ್ಟು, ತನ್ನ ಹವಾಯಿ ಚಪ್ಪಲಿಯನ್ನು ಚಟಪಟ ಅನ್ನಿಸುತ್ತಾ ಒಬ್ಬನೇ ಹೊರಗೆ ನಡೆದುಹೋದ.